ಪದ ಬೇಕು: ಕಾಮನ್ ನೌನ್‌ಗೆ ‘ರೂಢನಾಮ’ ಸರಿಯೇ?

ಗೆಳೆಯರೇ, ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವ ಗೋಡೆಪಟ ಮಾಡುತ್ತಿದ್ದೇನೆ. ನಾಳೆ ಅಚ್ಚಿಗೆ ಕೊಡಬೇಕು. ಪ್ರಾಪರ್ ನೌನ್‌ಗೆ ಅಂಕಿತನಾಮ, ಪ್ರೋನೌನ್‌ಗೆ ಸರ್ವನಾಮ ಹಾಕಿದ್ದೇನೆ. ಕಾಮನ್ ನೌನ್‌ಗೆ ರೂಢನಾಮ ಆಗುತ್ತದಾ? ಆ ಸಾಲಿನಲ್ಲಿ ರಿವರ್, ಬಾಯ್, ಟೀಚರ್ ಇವೆ.

ಉತ್ತರ 1: ಆಗುತ್ತದೆ. ಹಾಕಿ ಮುಗಿಸಿ.

ಉತ್ತರ 2: ಆಗುವುದಿಲ್ಲ. ನದಿ, ಹುಡುಗ ರೂಢನಾಮ, ಅಂದರೆ ಬರೀ ರೂಢಿಯಿಂದ ಬಂದ ಹೆಸರು, ಸರಿ. ಶಿಕ್ಷಕ? ಮಾಡುವ ಕೆಲಸ, ಇರುವ ಗುಣ ಅಥವಾ ಸ್ಥಿತಿಯಿಂದ ಬಂದ ಹೆಸರು, ಅನ್ವರ್ಥನಾಮ. ವ್ಯಾಪಾರಿ, ರೋಗಿ, ಜಾಣ ಕೂಡ ಅದೇ ಗುಂಪು. ಇಂಗ್ಲಿಷಿನಲ್ಲಿ ಈ ಗೆರೆಯೇ ಇಲ್ಲ. ಹೆಸರು ಒಬ್ಬರದೋ, ಆ ಬಗೆಯ ಎಲ್ಲರದೋ ಅನ್ನುವುದಷ್ಟೇ ಅಲ್ಲಿ ಮುಖ್ಯ. ಒಬ್ಬರದಾದರೆ ಮೊದಲ ಅಕ್ಷರ ದೊಡ್ಡದು. ನಿಮ್ಮ ಪಟ ನೋಡಿದ ಮಗು ಕನ್ನಡ ಪರೀಕ್ಷೆಯಲ್ಲಿ ‘ಶಿಕ್ಷಕ ರೂಢನಾಮ’ ಅಂತ ಬರೆದು ಅಂಕ ಕಳೆದುಕೊಳ್ಳುತ್ತದೆ. ‘ಸಾಮಾನ್ಯನಾಮ’ ಅನ್ನಿ.

ಉತ್ತರ 3: ಮತ್ತೆ ಸಂಸ್ಕೃತವೇ? ‘ಹೆಸರುಪದ’ ಅಂದರೆ ಮಗುವಿಗೆ ಕೇಳಿದ ತಕ್ಷಣ ಗೊತ್ತಾಗುತ್ತದೆ. ಇನ್ನು ಸರ್ವನಾಮ. ಅದನ್ನು ‘ಎಲ್ಲರಿಗೂ ಸಲ್ಲುವ ಹೆಸರು’ ಅಂತ ಬಿಡಿಸಿ ಹೇಳುತ್ತಾರೆ. ಪಾಣಿನಿಯ ಸೂತ್ರ ‘ಸರ್ವಾದೀನಿ ಸರ್ವನಾಮಾನಿ’. ‘ಸರ್ವ’ ಅನ್ನುವ ಪದದಿಂದ ಶುರುವಾಗುವ ಪಟ್ಟಿ, ಅಷ್ಟೇ. ಆ ಪಟ್ಟಿಯ ಗುರುತನ್ನು ಹಿ, ಶಿ, ಇಟ್ ಮೇಲೆ ಯಾಕೆ ಅಂಟಿಸಬೇಕು? ‘ಬದಲಿಪದ’ ಸಾಕು.

ಉತ್ತರ 2: ಐ, ಯು ಯಾವುದರ ಬದಲಿ ಹೇಳಿ. ‘ರವಿ ಬಂದ, ಅವನು ಕೂತ’ ಅಂದಾಗ ‘ಅವನು’ ಬದಲಿ, ಒಪ್ಪಿದೆ. ‘ನಾನು ಬರುತ್ತೇನೆ’ ಅನ್ನುವ ಕಡೆ ರವಿ ತನ್ನ ಹೆಸರು ಹಾಕಿದರೆ ‘ಬರುತ್ತೇನೆ’ ನಿಲ್ಲುವುದೇ ಇಲ್ಲ. ಮಗು ಕನ್ನಡ ತರಗತಿಯಲ್ಲಿ ಸರ್ವನಾಮ ಅಂತ ಕೇಳಿರುತ್ತದೆ. ಸುಮ್ನೆ ಎರಡನೇ ಹೆಸರು ಯಾಕೆ?

ಉತ್ತರ 1: ಇಂಗ್ಲಿಷ್ ಪಾಠ ಅಲ್ವಾ, ನೌನ್ ಅಂತಲೇ ಬರೆಯಿರಿ. ಬಸ್ಸು, ಪೆನ್ನು ಬಿಟ್ಟಿದ್ದೀರಾ? ಸಂಸ್ಕೃತದಿಂದ ತಂದರೆ ನಮ್ಮದು, ಇಂಗ್ಲಿಷಿನಿಂದ ತಂದರೆ ಸಾಲ. ಇದ್ಯಾವ ಲೆಕ್ಕ?

ಉತ್ತರ 3: ಎರಡೂ ಸಾಲವೇ. ನಾನು ಎರಡನ್ನೂ ಬೇಡ ಅಂದಿದ್ದು.

ಉತ್ತರ 2: ‘ಪದ’ ಎಲ್ಲಿಯದು? ನಿಮ್ಮ ಹೆಸರುಪದದಲ್ಲೂ ಅರ್ಧ ಸಂಸ್ಕೃತ.

ಕೇಳಿದವರು: ರೂಢನಾಮ ತೆಗೆದೆ. ಟೀಚರ್ ವಿಷಯ ನನಗೆ ಹೊಳೆದಿರಲೇ ಇಲ್ಲ, ತುಂಬಾ ಉಪಕಾರವಾಯಿತು. ‘ಕಾಮನ್ ನೌನ್’ ಅಂತ ಬರೆದು ಕೆಳಗೆ ‘ಆ ಬಗೆಯ ಎಲ್ಲದಕ್ಕೂ ಇರುವ ಹೆಸರು’ ಅಂತ ಹಾಕುತ್ತೇನೆ. ಸರ್ವನಾಮ ಹಾಗೇ ಇರಲಿ. ಇನ್ನೊಂದು ತಪ್ಪೂ ಈಗ ಕಣ್ಣಿಗೆ ಬಿತ್ತು. ಮೈ, ಮೈನ್ ಎರಡಕ್ಕೂ ‘ನನ್ನ’ ಅಂತಲೇ ಬರೆದಿದ್ದೆ. ಮೈನ್ ಎದುರು ‘ನನ್ನದು’ ಅಂತ ತಿದ್ದುತ್ತಿದ್ದೇನೆ.