ಪದಚರ್ಚೆ: ನಿಕೋಟಿನ್ ‘ಸ್ಟ್ರೆಂತ್’ಗೆ ಏನನ್ನೋಣ? ಖಾರ, ಘಾಟು, ಗಟ್ಟಿ, ಸೊಕ್ಕು

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಒಂದು ಪದ ಬೇಕಾಗಿದೆ. ಮೂರು ವಾರದಿಂದ ತಲೆಯಲ್ಲಿ ಅದೇ ಓಡುತ್ತಿದೆ, ಒಬ್ಬನಿಗೇ ಬಗೆಹರಿಯುತ್ತಿಲ್ಲ.

ಶುರುವಾದದ್ದು ನಮ್ಮ ಅಕ್ಕನ ಮಗನಿಂದ. ಇಂಗ್ಲೆಂಡಿನಲ್ಲಿ ಓದುತ್ತಿದ್ದಾನೆ. ಇಲ್ಲಿದ್ದಾಗ ದಿನಕ್ಕೆ ಹತ್ತು ಹನ್ನೆರಡು ಸಿಗರೇಟು ಸೇದುತ್ತಿದ್ದ. ಬಿಡಬೇಕು ಅಂತ ಅಲ್ಲಿ ವೇಪ್ ಹಿಡಿದಿದ್ದಾನೆ, ಅಂದರೆ ನಿಕೋಟಿನ್ ದ್ರವ ತುಂಬಿ ಎಳೆಯೋ ಇ-ಸಿಗರೇಟು. ಅಂಗಡಿಯಲ್ಲಿ ನಿಂತೇ ಫೋನ್ ಮಾಡಿದ. “ಮಾವ, ಇಲ್ಲಿ 3, 6, 12, 20 ಅಂತ ಬಾಟಲಿ ಇಟ್ಟಿದಾರೆ. ಯಾವುದು ತಗೊಳ್ಲಿ? 20 ಅಂದ್ರೆ ತುಂಬಾ ಖಾರಾನಾ?”

ಆ ಖಾರ ಅನ್ನೋ ಮಾತಿಗೆ ನಾನು ತಡವರಿಸಿದೆ. ಹೌದು ಅಂದರೂ ತಪ್ಪು, ಅಲ್ಲ ಅಂದರೂ ತಪ್ಪು.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಇ-ಸಿಗರೇಟಿಗೆ 2019ರಿಂದ ನಿಷೇಧ ಇದೆ. ಮಾರುವಂತಿಲ್ಲ, ಹೊರಗಿನಿಂದ ತರಿಸುವಂತಿಲ್ಲ, ಜಾಹೀರಾತು ಕೂಡ ಹಾಕುವಂತಿಲ್ಲ. ಹಾಗಾಗಿ ನನ್ನ ಕೌಂಟರಿಗೆ ಬರೋದು ವೇಪ್ ಅಲ್ಲ, ಸಿಗರೇಟು, ಬೀಡಿ ಬಿಡೋಕೆ ಅಗಿಯೋ ನಿಕೋಟಿನ್ ಗಮ್. ಅದರಲ್ಲೂ 2 ಎಂಜಿ, 4 ಎಂಜಿ ಅಂತ ಎರಡು ಇದೆ. ಪ್ರಶ್ನೆ ಅಲ್ಲೂ ಅದೇ, ಇಲ್ಲೂ ಅದೇ: ನನಗೆ ಯಾವುದು ಸರಿ? ಗಿರಾಕಿಗಳಿಗೆ ಕೊಡಲು ಅರ್ಧ ಪುಟದ ಒಂದು ಚೀಟಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರ ಎರಡನೇ ಸಾಲಿನಲ್ಲೇ ಈ ‘ಸ್ಟ್ರೆಂತ್’ ಬಂದು ನಿಂತಿದೆ.

ಹಿಂದೆ ಎಲ್ಲೋ ಅಚ್ಚಾಗಿದ್ದ ಒಂದು ಕರಪತ್ರ ನನ್ನ ಹತ್ತಿರ ಇದೆ. ಅದರಲ್ಲಿ “ನಿಕೋಟಿನ್ ಶಕ್ತಿ: 4 ಎಂಜಿ” ಅಂತಿದೆ. ಅದನ್ನು ಓದಿಕೊಂಡು ಬಂದ ಹಿರಿಯರೊಬ್ಬರು “ಶಕ್ತಿ ಜಾಸ್ತಿ ಇರೋದೇ ಕೊಡಪ್ಪ, ಮೈಯಲ್ಲಿ ಸುಸ್ತು” ಅಂದರು. ಅವರು ಸೇದುತ್ತಿದ್ದದ್ದು ದಿನಕ್ಕೆ ನಾಲ್ಕೇ ಬೀಡಿ, ಅದೂ ಮಧ್ಯಾಹ್ನದ ಮೇಲೆ. ಅವರಿಗೆ 4 ಎಂಜಿ ಬೇಕಿರಲಿಲ್ಲ. ಅಲ್ಲದೆ 2 ಎಂಜಿಯನ್ನು ಹಾಗೇ ಕೊಡಬಹುದು, 4 ಎಂಜಿಗೆ ವೈದ್ಯರ ಚೀಟಿ ಬೇಕು. ಅವರಿಗೆ ವಿವರಿಸಿ ಕಳಿಸಿದೆ. ಆದರೆ ಅವರ ತಪ್ಪೇನಿದೆ? ಶಕ್ತಿ, ಬಲ ಅಂದ ಕೂಡಲೇ ನಮಗೆ ನೆನಪಾಗೋದು ಟಾನಿಕ್, ಅಲ್ವಾ? ಇವೆರಡನ್ನೂ ನಾನು ಬಿಟ್ಟಾಯಿತು.

ಈಗ ಖಾರಕ್ಕೆ ಬರೋಣ. ನಮ್ಮ ಕಡೆ “ಈ ಬೀಡಿ ಖಾರ”, “ಆ ಸೊಪ್ಪು ಖಾರ” ಅನ್ನುವುದು ಉಂಟು. ಗಮ್ ಅಗಿದಾಗಲೂ ಮೆಣಸು ಕಚ್ಚಿದ ಹಾಗೆ ನಾಲಿಗೆ ಚುರುಗುಟ್ಟುತ್ತದೆ. ಆ ರುಚಿ ಬಂದ ಕೂಡಲೇ ಅಗಿಯೋದು ನಿಲ್ಲಿಸಿ ದವಡೆಗೆ ಒತ್ತರಿಸಿ ಇಟ್ಟುಕೊಳ್ಳಬೇಕು. ಚುರುಕು ಕಡಿಮೆಯಾದ ಮೇಲೆ ಮತ್ತೆ ನಾಲ್ಕು ಸಲ ಅಗಿಯಬೇಕು. ಹೀಗೆ ಒಂದು ಗಮ್ ಅರ್ಧ ಗಂಟೆ ಬರುತ್ತದೆ. ನಾನು ಒಬ್ಬರಿಗೆ “ಸ್ವಲ್ಪ ಖಾರ ಇರುತ್ತೆ, ಅಷ್ಟೇ” ಅಂತ ಹೇಳಿ ಕೊಟ್ಟಿದ್ದೆ. ಖಾರ ತಾನೇ, ತಡೆದುಕೊಂಡರಾಯಿತು ಅಂತ ಅವರು ಚೂಯಿಂಗ್ ಗಮ್ಮಿನ ಹಾಗೆ ಬಿಡದೆ ಅಗಿದಿದ್ದಾರೆ. ಬಿಕ್ಕಳಿಕೆ ಹಿಡಿದು, ಹೊಟ್ಟೆ ತೊಳಸಿ ಸಂಜೆ ವಾಪಸ್ ಬಂದರು. ನಾನು ಆಡಿದ ಪದ ಅವರಿಗೆ ದಾರಿ ತಪ್ಪಿಸಿತ್ತು. ಅವತ್ತಿನಿಂದ ಈ ವಿಷಯದಲ್ಲಿ ನಾನು ಪದಗಳನ್ನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ.

ಖಾರದ ಪಕ್ಕದಲ್ಲೇ ಇರೋದು ಘಾಟು. ಒಣಮೆಣಸಿನಕಾಯಿ ಹುರಿದಾಗ ಬರುತ್ತದಲ್ಲ, ಅದು. ಗಂಟಲು ಹಿಡಿಯುತ್ತದೆ, ಕೆಮ್ಮು ಬರುತ್ತದೆ. ವೇಪ್ ಎಳೆಯುವವರು ‘ಥ್ರೋಟ್ ಹಿಟ್’ ಅನ್ನೋದಕ್ಕೆ ಘಾಟು ಅನ್ನೋದೇ ಸರಿಯಾದ ಕನ್ನಡ ಅಂತ ನನಗೆ ಅನಿಸುತ್ತದೆ. ಆದರೆ ಘಾಟು ಬೇರೆ, ನಿಕೋಟಿನ್ ಎಷ್ಟಿದೆ ಅನ್ನೋದು ಬೇರೆ. ಈಗಿನ ಬಾಟಲಿಗಳಲ್ಲಿ ‘ನಿಕೋಟಿನ್ ಸಾಲ್ಟ್’ ಅಂತ ಒಂದು ಬಗೆ ಇದೆ. ಅದರಲ್ಲಿ ನಿಕೋಟಿನ್ ಜೊತೆ ಬೆಂಜೋಯಿಕ್ ಆಮ್ಲದಂಥ ಆಮ್ಲವೊಂದನ್ನು ಬೆರೆಸಿರುತ್ತಾರೆ. ಆಗ ಗಂಟಲಿಗೆ ಮೆತ್ತಗಿರುತ್ತದೆ. ಅಂಥ 20ರ ಬಾಟಲಿ, ಹಳೇ ಬಗೆಯ 12ಕ್ಕಿಂತ ಕಡಿಮೆ ಘಾಟು ಅನ್ನಿಸಬಹುದು. ಘಾಟು ಇಲ್ಲವಲ್ಲ ಅಂತ ಎಳೆಯುತ್ತಾ ಹೋದರೆ ತಲೆ ಸುತ್ತಿ, ವಾಂತಿ ಬರುವ ಹಾಗಾಗುತ್ತದೆ. ಹಾಗಾಗಿ ಅಳಿಯ ಕೇಳಿದ “ಖಾರಾನಾ” ಅನ್ನೋದಕ್ಕೆ ಉತ್ತರ, ಆ ಬಾಟಲಿ ಯಾವ ಬಗೆಯದು ಅನ್ನೋದರ ಮೇಲೆ ನಿಂತಿದೆ.

ಇದೇ ಜಾಗದಲ್ಲಿ ನಮ್ಮಜ್ಜಿ ನೆನಪಾದರು. ಎಲೆ ಅಡಿಕೆ ಜೊತೆ ಒಂದು ಚೂರು ಹೊಗೆಸೊಪ್ಪು ಹಾಕುತ್ತಿದ್ದರು. ಸುಣ್ಣ ಒಂದು ಬೆರಳು ಜಾಸ್ತಿ ಆದರೆ ಗೋಡೆಗೆ ಒರಗಿ ಕೂತು “ಸೊಪ್ಪು ತಲೆಗೆ ಹತ್ತಿಬಿಡ್ತು ಕಣಪ್ಪ, ನೀರು ತಗೊಂಬಾ” ಅನ್ನುತ್ತಿದ್ದರು. ಅವರು ಹೇಳಿದ್ದು ಪೂರ್ತಿ ಸರಿ. ಸುಣ್ಣ ಕ್ಷಾರ. ಕ್ಷಾರ ಸೇರಿದರೆ ನಿಕೋಟಿನ್ ಬಿಡಿಯಾಗಿ ಬಾಯಿಯ ಒಳಚರ್ಮದಲ್ಲಿ ಬೇಗ ಇಳಿಯುತ್ತದೆ. ಗಮ್ಮಿನ ಒಳಗೂ ಇದೇ ಕೆಲಸಕ್ಕೆ ಕಾರ್ಬನೇಟ್ ಸೇರಿಸಿರುತ್ತಾರೆ. ಅಜ್ಜಿಯ ಸುಣ್ಣಕಾಯಿ ಮಾಡುತ್ತಿದ್ದ ಕೆಲಸವೇ ಅದು. ಕಾಫಿ ಹುಳಿ ಗುಣದ್ದು, ಅದು ಇದಕ್ಕೆ ಅಡ್ಡ ಬರುತ್ತದೆ. ಆದ್ದರಿಂದಲೇ ಕಾಫಿ ಕುಡಿದು ಕಾಲು ಗಂಟೆಯಾದರೂ ಬಿಟ್ಟು ಗಮ್ ಹಾಕಿಕೊಳ್ಳಿ ಅಂತ ಹೇಳುತ್ತೇವೆ. ನಮ್ಮೂರಿನವರಿಗೆ ಇದು ಹೇಳಿದಷ್ಟು ಸುಲಭ ಅಲ್ಲ.

ನೋಡಿ, ಸೊಪ್ಪು ಅಷ್ಟೇ ಇತ್ತು. ಸುಣ್ಣ ಮಾತ್ರ ಜಾಸ್ತಿ ಆಯಿತು. ಆದರೂ ‘ಹತ್ತಿತು’. ಅಂದರೆ ನಮ್ಮ ಮಾತಿನಲ್ಲಿ ಗಂಟಲು ‘ಹಿಡಿಯೋದು’ ಒಂದು, ತಲೆಗೆ ‘ಹತ್ತೋದು’ ಇನ್ನೊಂದು. ಒಳಗೆ ಎಷ್ಟಿದೆ ಅನ್ನೋದು ಮೂರನೆಯದು. ಇಂಗ್ಲಿಷಿನ ಒಂದು ಪದ ಈ ಮೂರನ್ನೂ ಒಂದೇ ಗಂಟಿಗೆ ಕಟ್ಟುತ್ತದೆ. ಕನ್ನಡದಲ್ಲಿ ಬೇರೆ ಬೇರೆಯಾಗಿಯೇ ಇವೆ. ನನಗೆ ಇದು ತುಂಬಾ ಸಂತೋಷ ಕೊಟ್ಟ ವಿಷಯ.

ಮೂರನೆಯದಕ್ಕೆ, ಅಂದರೆ ಬಾಟಲಿಯ ಮೇಲಿನ ಅಂಕಿಗೆ, ಸಾಂದ್ರತೆ ಅನ್ನೋ ಪದ ಪುಸ್ತಕದಲ್ಲಿ ಇದೆ. ಆದರೆ ನನ್ನ ಗಿರಾಕಿಗೆ ಅದು ತಲುಪುವುದಿಲ್ಲ. ಡಿಕಾಕ್ಷನ್ ಗಟ್ಟಿ ಇದೆ, ತಿಳಿ ಇದೆ ಅನ್ನುತ್ತೇವಲ್ಲ, ಆ ‘ಗಟ್ಟಿ’ ಸಾಕಲ್ಲವೇ? ಬಾಟಲಿಯ ಮೇಲೆ 6 ಅಂತಿದ್ದರೆ ಒಂದು ಎಂಎಲ್‌ನಲ್ಲಿ 6 ಎಂಜಿ ಅಂತ ಅರ್ಥ. 10 ಎಂಎಲ್ ಬಾಟಲಿ ಪೂರ್ತಿ ಲೆಕ್ಕ ಹಾಕಿದರೆ 60 ಎಂಜಿ. ಕೆಲವು ಕಡೆ 2% ಅಂತ ಹಾಕಿರುತ್ತಾರೆ, ಅದು ಹೆಚ್ಚುಕಡಿಮೆ 20 ಎಂಜಿಯದೇ ಲೆಕ್ಕ. ಇಂಗ್ಲೆಂಡಿನಲ್ಲಿ 20ಕ್ಕಿಂತ ಗಟ್ಟಿ ಮಾರುವಂತಿಲ್ಲ. ಗಮ್ಮಿನ ಮೇಲಿನ 2 ಮಾತ್ರ ಒಂದು ತುಂಡಿನ ಲೆಕ್ಕ. “ಅಲ್ಲಿ 20, ಇಲ್ಲಿ ಬರೀ 2, ಇದು ಹತ್ತು ಪಟ್ಟು ಕಡಿಮೆ” ಅಂತ ಯಾರಾದರೂ ಅಂದುಕೊಂಡರೆ ಕಷ್ಟ.

ಅಳಿಯನಿಗೆ ಕೊನೆಗೆ ಹೇಳಿದ್ದು ಇಷ್ಟು. ಜಾಸ್ತಿ ಸೇದುತ್ತಿದ್ದವರು ಗಟ್ಟಿಯಿಂದ ಶುರು ಮಾಡಿ ಇಳಿಸುತ್ತಾ ಬರುತ್ತಾರೆ. ತೀರಾ ತಿಳಿ ತೆಗೆದುಕೊಂಡರೆ ಆಸೆ ಅಡಗೋದಿಲ್ಲ, ಇಡೀ ದಿನ ಎಳೆಯುತ್ತಲೇ ಇರುತ್ತೀಯ, ಇಲ್ಲ ಸಿಗರೇಟಿಗೇ ಹೋಗುತ್ತೀಯ. ದೊಡ್ಡ ಹೊಗೆ ಬಿಡೋ ಮೆಷಿನ್ನಿಗೆ 3, 6 ಸಾಕು. ಬಾಯಿಗೆ ಎಳೆದು ಆಮೇಲೆ ಒಳಗೆ ತೆಗೆದುಕೊಳ್ಳೋ ಸಣ್ಣದಕ್ಕೆ ಅದಕ್ಕಿಂತ ಗಟ್ಟಿ ಬೇಕಾಗುತ್ತದೆ. ತಲೆ ಸುತ್ತಿದರೆ ಅದು ನಿನಗೆ ಜಾಸ್ತಿ. ಅಲ್ಲಿ ಸಿಗರೇಟು ಬಿಡಿಸೋ ಸರ್ಕಾರಿ ಸೇವೆ ಇದೆ, ಅವರನ್ನೂ ಕೇಳು. ಕೊನೆಗೆ ಅವನು ಸಾಲ್ಟ್ ಬಗೆಯ 10ರ ಬಾಟಲಿ ತಂದುಕೊಂಡ.

ಗಮ್ಮಿಗೆ ನಾನು ಕೇಳೋ ಪ್ರಶ್ನೆ ಒಂದೇ: “ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು ಹಚ್ತೀರಾ?” ಅರ್ಧ ಗಂಟೆಯ ಒಳಗೆ ಅಂದರೆ 4ರ ಕಡೆ, ಅದಕ್ಕಿಂತ ತಡ ಅಂದರೆ 2. ದಿನಕ್ಕೆ ಎಷ್ಟು ಅಂತ ಕೇಳಿದರೆ ಜನ ಕಡಿಮೆ ಮಾಡಿ ಹೇಳುತ್ತಾರೆ. ಇದಕ್ಕೆ ನಿಜ ಹೇಳುತ್ತಾರೆ. “ಅದಿಲ್ದೆ ಹೊಟ್ಟೆ ಕದಲಲ್ಲ ಸಾರ್” ಅಂತ ತಾವೇ ಬಾಯಿಬಿಡುತ್ತಾರೆ.

ಈಗ ನನ್ನ ತೊಡಕು. ‘ಘಾಟು’ ಇದೆ, ‘ಗಟ್ಟಿ’ ಇದೆ. ‘ತಲೆಗೆ ಹತ್ತೋದು’ ಅನ್ನೋದಕ್ಕೆ ಒಂದು ನಾಮಪದ ಬೇಕು. ‘ಏರಿಕೆ’ ಅಂದರೆ ಬೆಲೆ ಏರಿಕೆ ಆಗುತ್ತದೆ. ‘ಅಮಲು’, ‘ನಶೆ’ ಅಂದರೆ ಹೆಂಡ ಕುಡಿದ ಹಾಗೆ ಅನ್ನಿಸುತ್ತದೆ, ಗಮ್ ತೆಗೆದುಕೊಳ್ಳುವವರಿಗೆ ಅದು ಅವಮಾನ. ‘ಸೊಕ್ಕು’ ಒಳ್ಳೇ ಪದ. ಅಡಿಕೆ ಸೊಕ್ಕಿತು ಅನ್ನುತ್ತೇವೆ, ಹಳಗನ್ನಡದ ‘ಸೊರ್ಕು’ ಕೂಡ ಇದೇ. ಆದರೆ ಇವತ್ತು ಸೊಕ್ಕು ಅಂದರೆ ಜನಕ್ಕೆ ಮೊದಲು ಹೊಳೆಯೋದು ಅಹಂಕಾರ. “ಈ ಗಮ್ಮಿನ ಸೊಕ್ಕು 4 ಎಂಜಿ” ಅಂತ ಬರೆಯಲು ನನಗೆ ಮನಸ್ಸು ಬರುತ್ತಿಲ್ಲ.

ಮುಖ್ಯವಾಗಿ ಹೊಗೆಸೊಪ್ಪು ಬೆಳೆಯೋ ಹುಣಸೂರು, ಪಿರಿಯಾಪಟ್ಟಣ ಕಡೆಯವರನ್ನು ಕೇಳುತ್ತಿದ್ದೇನೆ. ನಿಮ್ಮಲ್ಲಿ ಸೊಪ್ಪು ಮುರಿಯುವಾಗ, ಎಲೆ ಒದ್ದೆ ಇದ್ದರೆ, ಚರ್ಮದಿಂದಲೇ ನಿಕೋಟಿನ್ ಒಳಗೆ ಹೋಗಿ ಕೂಲಿಯವರಿಗೆ ತಲೆ ಸುತ್ತಿ ವಾಂತಿ ಆಗುತ್ತದೆ. ಅದಕ್ಕೆ ಹೊಲದಲ್ಲಿ ಏನಂತಾರೆ? ಹೆಂಗಸರು ಆಡೋ ಮಾತು ಗೊತ್ತಿದ್ದರೆ ಅದನ್ನೇ ಬರೆಯಿರಿ, ತಿದ್ದಬೇಡಿ. ಚೀಟಿಯನ್ನು ಈ ತಿಂಗಳ ಕೊನೆಗೆ ಅಚ್ಚಿಗೆ ಕೊಡಬೇಕು.