ಸಹಾಯ ಬೇಕು: ಮಾಡೆಲ್ ಬಸ್ಸಿನ ಟಿಂಟೆಡ್ ಗಾಜು ನಿಜವಾದ ಗಾಜಿನ ಹಾಗೆ ಕಾಣುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವನು. ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ಮಾಡೆಲ್ ಮಾಡುತ್ತಿದ್ದೇನೆ. 1:24 ಅಳತೆ, ಅಂದರೆ 12 ಮೀಟರ್ ಬಸ್ಸು ನನ್ನ ಮೇಜಿನ ಮೇಲೆ 50 ಸೆಂಟಿಮೀಟರ್. ಬಾಡಿ ಸನ್‌ಬೋರ್ಡ್ (ಹಗುರವಾದ ಪ್ಲಾಸ್ಟಿಕ್ ಫೋಮ್ ಹಲಗೆ), ಗಾಜಿಗೆ ಓಎಚ್‌ಪಿ ಶೀಟ್ (ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ). ಬಾಡಿ ಚೆನ್ನಾಗಿ ಬಂದಿದೆ. ಗಾಜಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ಕಾರಿಗೆ ಹಾಕುವ ಸನ್ ಫಿಲ್ಮ್ ಅಂಟಿಸಿದೆ. ಮೂಲೆಗಳಲ್ಲಿ ಗುಳ್ಳೆ ಬಂತು. ಅದೂ ಅಲ್ಲದೆ ತುಂಬಾ ಕಪ್ಪು, ಒಳಗಿನ ಬರ್ತ್ ಒಂದೂ ಕಾಣುವುದಿಲ್ಲ. ಅಷ್ಟು ಕಷ್ಟಪಟ್ಟು ಪರದೆ ಸಮೇತ ಮಾಡಿದ್ದೇನೆ, ಮುಚ್ಚಿಹೋದರೆ ಬೇಜಾರಲ್ವಾ?

ಆಮೇಲೆ ಟಾಮಿಯಾ ಎಕ್ಸ್-19 ಸ್ಮೋಕ್ ಎಂಬ, ಮಾಡೆಲ್‌ಗಳಿಗೆ ಹಚ್ಚುವ ಹೊಗೆಬಣ್ಣದ ಪಾರದರ್ಶಕ ಪೇಂಟ್ ತರಿಸಿದೆ. ಬ್ರಷ್‌ನಲ್ಲಿ ಹಚ್ಚಿದರೆ ಗೆರೆಗೆರೆ. ಲ್ಯಾಕರ್ ಥಿನ್ನರ್ ಬೆರೆಸಿ ಏರ್‌ಬ್ರಷ್‌ನಲ್ಲಿ ಹೊಡೆದೆ. ಬಣ್ಣ ಸಮವಾಗಿ ಕೂತಿತು, ಆದರೆ ಒಣಗುವಾಗ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ಲ, ಗೋಡೆಯೇ ಬೆವರುತ್ತದೆ. ಗಾಳಿಯ ತೇವ ಬಣ್ಣದ ಮೇಲೆ ಕೂತು ಹೀಗಾಗುತ್ತದೆ ಎಂದು ಗೊತ್ತು. ಇನ್ನೊಂದು ತುಂಡಿನಲ್ಲಿ ಉಗುರು ತಾಗಿದ ಕಡೆ ಬಣ್ಣವೇ ಸಿಪ್ಪೆಯ ಹಾಗೆ ಎದ್ದು ಬಂತು.

ಮಳೆ ನಿಲ್ಲುವವರೆಗೆ ಕಾಯಲು ಮನಸ್ಸಿಲ್ಲ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲೇ ಸ್ಮೋಕ್ ಬಣ್ಣ ಹೊಡೆದವರು ದಯವಿಟ್ಟು ಹೇಳಿ: ಬೆಳ್ಳಗಾಗದಿರಲು ಯಾವ ಥಿನ್ನರ್, ಎಷ್ಟು ಪ್ರಮಾಣದಲ್ಲಿ ಬೆರೆಸುತ್ತೀರಿ? ಓಎಚ್‌ಪಿ ಶೀಟ್ ಮೇಲೆ ಬಣ್ಣ ಹಿಡಿದು ನಿಲ್ಲಲು ಮೊದಲು ಏನು ಮಾಡಬೇಕು?