ಬಾಲ್ಟಿಕ್ ಕ್ರೂಸ್: ದಡಕ್ಕಿಳಿದು ಏನು ನೋಡೋದು, ಹೇಗೆ ನೋಡೋದು? ಟೂರ್ ಮ್ಯಾನೇಜರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬಾಲ್ಟಿಕ್ ಸಮುದ್ರದ ಕ್ರೂಸ್ ಬುಕ್ ಮಾಡಿದವರು ಗುಂಪಿನಲ್ಲಿ ಜಾಸ್ತಿ ಆಗಿದ್ದಾರೆ. ಹಡಗು ಹೆಚ್ಚಿನ ಊರುಗಳಲ್ಲಿ ನಿಲ್ಲೋದು ಒಂದೇ ಹಗಲು. ಅಷ್ಟರಲ್ಲಿ ಏನು ನೋಡಬಹುದು ಅಂತ ಇವತ್ತು ನಮ್ಮ ಟೂರ್ ಮೇಡಂ ಹೇಳುತ್ತಾರೆ. ಬೆಂಗಳೂರಿನಿಂದ ಆ ಕಡೆಗೆ ಗ್ರೂಪ್ ಕರೆದುಕೊಂಡು ಹೋಗೋದೇ ಅವರ ಕೆಲಸ. ಫಾರ್ವರ್ಡ್ ಹಾಕಬೇಡಿ, ದಯವಿಟ್ಟು.

ಜಯನಗರ 4ನೇ ಬ್ಲಾಕ್: ಮೇಡಂ, ನಮ್ಮ ಕ್ರೂಸ್‌ನಲ್ಲಿ ಏಳು ದೇಶ ಬರುತ್ತೆ. ಏಳು ವೀಸಾ ಮಾಡಿಸಬೇಕಾ?

ಟೂರ್ ಮೇಡಂ: ಬೇಡ ಸರ್. ಡೆನ್ಮಾರ್ಕ್, ಜರ್ಮನಿ, ಪೋಲೆಂಡ್, ಲಾಟ್ವಿಯಾ, ಎಸ್ಟೋನಿಯಾ, ಫಿನ್ಲೆಂಡ್, ಸ್ವೀಡನ್ ಎಲ್ಲವೂ ಶೆಂಗೆನ್, ಅಂದ್ರೆ ಒಂದೇ ವೀಸಾ ನಡೆಯೋ ಯೂರೋಪಿನ ದೇಶಗಳ ಗುಂಪು. ಒಂದೇ ವೀಸಾ ಸಾಕು. ಎಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಿ. ದಿನಗಳು ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಆರು ತಿಂಗಳು ಮುಂಚೆಯಿಂದಲೇ ಅರ್ಜಿ ತಗೋತಾರೆ. ಬೇಸಿಗೆ ಹತ್ತಿರ ಬಂದ ಹಾಗೆ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ಕಾಯಬೇಡಿ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರಬೇಕು. ಹಡಗು ಇಂಗ್ಲೆಂಡಿನಿಂದ ಹೊರಡೋದಾದರೆ ಅಲ್ಲಿನ ವೀಸಾ ಬೇರೆ.

ರಿಟೈರ್ಡ್ ಮೇಷ್ಟ್ರು: ನನಗೆ ಬಂದ ಮಾಹಿತಿ, ಎಲ್ಲರಿಗೂ ಉಪಯೋಗವಾಗಲಿ ಅಂತ ಹಾಕುತ್ತಿದ್ದೇನೆ. "ಕ್ರೂಸ್ ಪ್ರಯಾಣಿಕರಿಗೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 72 ಗಂಟೆ ವೀಸಾ ಬೇಡ! ಹರ್ಮಿಟೇಜ್ ಮ್ಯೂಸಿಯಂ ತಪ್ಪಿಸಬೇಡಿ! ಹತ್ತು ಜನಕ್ಕೆ ಕಳಿಸಿ!"

ಟೂರ್ ಮೇಡಂ: ಮೇಷ್ಟ್ರೇ, ಇದು ಹಳೇ ಸರಕು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಮೇಲೆ ದೊಡ್ಡ ಕ್ರೂಸ್ ಕಂಪನಿಗಳೆಲ್ಲ ಪೀಟರ್ಸ್‌ಬರ್ಗ್ ಕೈಬಿಟ್ಟಿವೆ. ಆ 72 ಗಂಟೆ ಇದ್ದಾಗಲೂ ಅನುಮತಿ ಇರೋ ಟೂರ್ ಕಂಪನಿ ಜೊತೆ ಇದ್ದರೆ ಮಾತ್ರ ಇಳಿಯಬಹುದಿತ್ತು, ಒಬ್ಬರೇ ಟ್ಯಾಕ್ಸಿ ಹತ್ತಿ ಸುತ್ತೋ ಹಾಗಿರಲಿಲ್ಲ. ಮೊದಲು ಅಲ್ಲಿ ಎರಡು ದಿನ ನಿಲ್ಲುತ್ತಿದ್ದ ಹಡಗುಗಳು ಈಗ ರಿಗಾ, ಗ್ಡಿನಿಯಾ, ವಿಸ್ಬಿ ಅಂತ ಬೇರೆ ಊರು ಸೇರಿಸಿಕೊಂಡಿವೆ. ಅವೂ ಚೆನ್ನಾಗಿವೆ. ಹತ್ತು ಜನಕ್ಕೆ ಇದನ್ನು ಕಳಿಸಿ.

ಕಾರ್ಕಳದವಳು: ಮೇಡಂ, ಲಿಥುವೇನಿಯಾದ ಕ್ಲೈಪೆಡಾದಲ್ಲಿ ಇಳಿದರೆ ಆ ಮರಳು ದಿಬ್ಬಗಳ ಕಡೆ ನಾವೇ ಹೋಗಬಹುದಾ?

ಹಾಸನದ ಸೊಸೆ: ಅಕ್ಕಾ, ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ. ನಾವು ಆರು ಜನ. ಮಾವನಿಗೆ 74, ಎರಡೂ ಮಂಡಿ ಆಪರೇಷನ್ ಆಗಿದೆ. ಅತ್ತೆಗೆ ಶುಗರ್. ಮಕ್ಕಳು ಇಬ್ಬರು. ಹಡಗು ಜರ್ಮನಿಯ ವಾರ್ನೆಮುಂಡೆಯಲ್ಲಿ ಬೆಳಿಗ್ಗೆ 7ಕ್ಕೆ ನಿಂತು ರಾತ್ರಿ 8ಕ್ಕೆ ಹೊರಡುತ್ತೆ. ಬ್ರೋಷರ್‌ನಲ್ಲಿ ಆ ದಿನದ ಎದುರಿಗೆ "ಬರ್ಲಿನ್" ಅಂತಾನೇ ಇದೆ. ಹಡಗಿನವರ ಟೂರ್ ಆರು ಜನಕ್ಕೆ ಸಿಕ್ಕಾಪಟ್ಟೆ ಆಗುತ್ತೆ. "ಟ್ರೇನ್ ಇದೆಯಲ್ಲ, ನಾವೇ ಹೋಗಿ ಬರೋಣ" ಅಂತಾರೆ ನಮ್ಮೆಜಮಾನರು. ಆಗುತ್ತಾ?

ಟೂರ್ ಮೇಡಂ: ಅಮ್ಮಾ, ಈ ಗುಂಪಿಗೆ ಬಂದ ಪ್ರಶ್ನೆಗಳಲ್ಲಿ ನನಗೆ ನಿಜವಾಗಿ ದಿಗಿಲು ಹುಟ್ಟಿಸಿದ್ದು ಇದು. ಬಿಡಿಸಿ ಹೇಳುತ್ತೇನೆ.

ಬ್ರೋಷರ್‌ನಲ್ಲಿ ಬರ್ಲಿನ್ ಅಂತ ಇದ್ದರೂ ಬರ್ಲಿನ್‌ಗೆ ಬಂದರಿಲ್ಲ. ವಾರ್ನೆಮುಂಡೆಯಿಂದ ಅದು 200 ಕಿಲೋಮೀಟರ್‌ಗಿಂತ ಜಾಸ್ತಿ. ಒಂದು ಅನುಕೂಲ ಏನಂದ್ರೆ ರೈಲ್ವೆ ಸ್ಟೇಷನ್ ಹಡಗಿನ ಪಕ್ಕದಲ್ಲೇ ಇದೆ. ಅಲ್ಲಿಂದ ಲೋಕಲ್ ಟ್ರೇನ್‌ನಲ್ಲಿ 20 ನಿಮಿಷಕ್ಕೆ ರಾಸ್ಟಾಕ್. ರಾಸ್ಟಾಕ್‌ನಲ್ಲಿ ಇಳಿದು ಬರ್ಲಿನ್ ಗಾಡಿ ಹತ್ತಬೇಕು. ಕಾಯೋದೂ ಸೇರಿ ಒಂದು ಕಡೆಗೆ ಮೂರು ಗಂಟೆ ಅಂತ ಇಟ್ಟುಕೊಳ್ಳಿ.

ಈಗ ಲೆಕ್ಕ ಹಾಕಿ. 7ಕ್ಕೆ ನಿಂತ ಹಡಗಿನಿಂದ ಆರು ಜನ ತಿಂಡಿ ಮುಗಿಸಿ ಇಳಿಯೋ ಹೊತ್ತಿಗೆ 8. ಬರ್ಲಿನ್ ಮುಟ್ಟೋದು 11ರ ಮೇಲೆ. 8ಕ್ಕೆ ಹೊರಡೋ ಹಡಗಿಗೆ ಸಾಮಾನ್ಯವಾಗಿ 7:30ಕ್ಕೇ ಎಲ್ಲರೂ ಒಳಗಿರಬೇಕು. ಒಂದು ಗಾಡಿ ತಪ್ಪಿದರೂ ಇನ್ನೊಂದು ಸಿಗಬೇಕು ಅಂದ್ರೆ ಬರ್ಲಿನ್ ಬಿಡೋದು 2:30ಕ್ಕೆ. ಕೈಗೆ ಸಿಗೋದು ಮೂರು ಗಂಟೆ. ಅಷ್ಟರಲ್ಲಿ ಸ್ಟೇಷನ್‌ನಿಂದ ನಡೆದು ರೈಶ್‌ಟಾಗ್ ಅನ್ನೋ ಪಾರ್ಲಿಮೆಂಟ್ ಕಟ್ಟಡ, ಬ್ರಾಂಡೆನ್‌ಬರ್ಗ್ ಗೇಟ್, ಅದರ ಪಕ್ಕದಲ್ಲೇ 2,711 ಕಾಂಕ್ರೀಟ್ ಕಂಬಗಳ ಹಾಲೊಕಾಸ್ಟ್ (ಯಹೂದಿಗಳ ನರಮೇಧ) ಸ್ಮಾರಕ. ಬರ್ಲಿನ್ ಗೋಡೆಯ ಚೂರು, ಮ್ಯೂಸಿಯಂ, ಶಾಪಿಂಗ್ ಎಲ್ಲ ಮರೆತುಬಿಡಿ. ರೈಶ್‌ಟಾಗ್ ಗುಮ್ಮಟಕ್ಕೆ ದುಡ್ಡಿಲ್ಲ, ಆದರೆ ಮೊದಲೇ ಹೆಸರು ಬರೆಸಿ, ಪಾಸ್‌ಪೋರ್ಟ್ ತೋರಿಸಬೇಕು. ನೆಲ ಸಮತಟ್ಟು, ಸರಿ. ಆದರೆ ಮಾವನವರು ಆರು ಗಂಟೆ ಟ್ರೇನಲ್ಲಿ ಕೂತು, ಮಧ್ಯೆ ಇಷ್ಟು ನಡೆಯಬೇಕು. ಅವರನ್ನು ಕೇಳಿದ್ದೀರಾ?

ಇನ್ನು ನನ್ನ ದಿಗಿಲಿನ ಮಾತು. ಹಡಗಿನವರ ಟೂರ್ ಬಸ್ ತಡವಾದರೆ ಹಡಗು ಕಾಯುತ್ತೆ, ಇಲ್ಲವಾದರೆ ಅವರ ಖರ್ಚಲ್ಲೇ ಮುಂದಿನ ಬಂದರಿಗೆ ಮುಟ್ಟಿಸುತ್ತಾರೆ. ನೀವಾಗಿ ಹೋಗಿ ತಡ ಮಾಡಿದರೆ ಕಾಯಲ್ಲ. ಹಳಿ ಕೆಲಸ ಅಂತ ಜರ್ಮನಿಯಲ್ಲೂ ಗಾಡಿಗಳು ನಿಲ್ಲುತ್ತವೆ. ಆಗ ನೀವು ಆರು ಜನ ದಡದಲ್ಲಿ, ಅತ್ತೆಯವರ ಮಾತ್ರೆ ಡಬ್ಬಿ ಹಡಗಿನ ಕ್ಯಾಬಿನ್ನಲ್ಲಿ. ಎಲ್ಲೇ ಇಳಿದರೂ ಎರಡು ದಿನಕ್ಕಾಗುವಷ್ಟು ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲಿ ಇರಲೇಬೇಕು. ಇನ್ಸುಲಿನ್ ಇದ್ದರೆ ಅದೂ.

ನನ್ನ ಸಲಹೆ ಇದು. ಯಜಮಾನರಿಗೆ ಬರ್ಲಿನ್ ಬೇಕೇ ಬೇಕಿದ್ದರೆ ಮಕ್ಕಳನ್ನು ಕರೆದುಕೊಂಡು ಹಡಗಿನ ಟೂರ್‌ನಲ್ಲಿ ಹೋಗಲಿ. ಮೂರು ಟಿಕೆಟ್ ಸಾಕು, ಆರು ಬೇಡ. ನೀವು, ಅತ್ತೆ, ಮಾವ ರಾಸ್ಟಾಕ್‌ಗೆ ಹೋಗಿ. ಅಲ್ಲಿನ ಮರೀನ್‌ಕಿರ್ಖೆ ಚರ್ಚಿನಲ್ಲಿ 1472ರ ಗಡಿಯಾರ ಇದೆ. ಮಧ್ಯಾಹ್ನ 12ಕ್ಕೆ ಸರಿಯಾಗಿ ಮೇಲಿನ ಪುಟ್ಟ ಬಾಗಿಲು ತೆಗೆದು ಏಸುವಿನ ಶಿಷ್ಯರು ಸಾಲಾಗಿ ಬಂದು ಒಳಗೆ ಹೋಗುತ್ತಾರೆ. ಕೊನೆಯವನು ಏಸುವಿಗೆ ದ್ರೋಹ ಮಾಡಿದ ಜೂಡಾಸ್. ಅವನ ಮುಖಕ್ಕೆ ಬಾಗಿಲು ಹಾಕಿಬಿಡುತ್ತೆ. 11:45ಕ್ಕೇ ಹೋಗಿ ನಿಲ್ಲಿ, ಜನ ಸೇರುತ್ತಾರೆ. ಆಮೇಲೆ ವಾರ್ನೆಮುಂಡೆಗೆ ವಾಪಸ್ ಬಂದು ದೋಣಿಗಳ ಕಾಲುವೆ ಪಕ್ಕ ಕಾಫಿ, ಲೈಟ್‌ಹೌಸ್ ಹತ್ತಿರದ ಬೀಚು. ಮಾವನವರಿಗೆ ಸುಸ್ತಾದರೆ ಹಡಗು ಕಣ್ಣೆದುರಿಗೇ ಇರುತ್ತೆ.

ಹುಬ್ಬಳ್ಳಿ ಹೈದ: ಮೇಡಂ ತಪ್ಪು ತಿಳ್ಕೋಬ್ಯಾಡ್ರಿ, ನೀವು ಜನರನ್ನು ಸುಮ್ನೆ ಹೆದರಸಾಕತ್ತೀರಿ. ಹಡಗಿನ ಟೂರ್ ಅಂದ್ರ ಹಗಲು ದರೋಡೆರಿ. ನಾವು ಟಾಲಿನ್, ಹೆಲ್ಸಿಂಕಿ ಎಲ್ಲಾ ನಾವ ಸುತ್ತೀವಿ. ಏನೂ ಆಗಿಲ್ಲ.

ಜಯನಗರ 4ನೇ ಬ್ಲಾಕ್: ನಿಮಗೆ ಮಂಡಿ ಆಪರೇಷನ್ ಆಗಿದೆಯಾ ಸ್ವಾಮಿ?

ಹುಬ್ಬಳ್ಳಿ ಹೈದ: ನಾ ನಿಮಗ ಕೇಳಿಲ್ರಿ.

ಟೂರ್ ಮೇಡಂ: ಹುಬ್ಬಳ್ಳಿಯವರೇ, ಟಾಲಿನ್, ಹೆಲ್ಸಿಂಕಿಗೆ ನಾನೂ ಹಡಗಿನ ಟೂರ್ ತಗೊಳ್ಳಿ ಅನ್ನಲ್ಲ. ಟಾಲಿನ್‌ನಲ್ಲಿ ಹಡಗಿನಿಂದ ಹಳೇ ಪೇಟೆಗೆ ನಡೆದೇ ಹೋಗಬಹುದು, ಹೆಚ್ಚೆಂದರೆ 20 ನಿಮಿಷ. ಟೌನ್ ಹಾಲ್ ಚೌಕದಲ್ಲಿ ಒಂದು ಔಷಧಿ ಅಂಗಡಿ ಇದೆ, 1422ರಲ್ಲೇ ಇತ್ತು ಅಂತ ದಾಖಲೆ ಇದೆ, ಈಗಲೂ ಮಾತ್ರೆ ಮಾರುತ್ತಾರೆ. ಹೆಲ್ಸಿಂಕಿಯಲ್ಲಿ ಮಾರ್ಕೆಟ್ ಚೌಕದಿಂದ ಫೆರಿ ಹತ್ತಿದರೆ 15 ನಿಮಿಷಕ್ಕೆ ಸುವೊಮೆನ್‌ಲಿನ್ನಾ ಕೋಟೆ. ಸಿಟಿ ಬಸ್ಸಿನ ಟಿಕೆಟ್ಟೇ ಫೆರಿಗೂ ನಡೆಯುತ್ತೆ. ಬಂಡೆ ಕೊರೆದು ಕಟ್ಟಿದ ಟೆಂಪೆಲಿಯೌಕಿಯೋ ಚರ್ಚಿಗೆ ಟ್ರಾಮ್‌ನಲ್ಲಿ ಹೋಗಬಹುದು. ನಾನು ಹೇಳಿದ್ದು ಬರ್ಲಿನ್ ಬಗ್ಗೆ. ಎರಡೂ ಒಂದೇ ಅಲ್ಲ.

ದಾವಣಗೆರೆ ಬೆಣ್ಣೆದೋಸೆ: ವೀಸಾ ಪ್ರತಿ ದೇಶಕ್ಕೂ ಬೇಕಾ ಮೇಡಂ?

ಟೂರ್ ಮೇಡಂ: ಮೇಲೆ ಓದಿ.

ಕುಂದಾಪ್ರ ಹುಡ್ಗ: ಮೇಡಂ, ಹಡಗಿನ ಗಂಟೆ, ಊರಿನ ಗಂಟೆ ಬೇರೆ ಬೇರೆ ಆಗುತ್ತೆ ಅಂತಾರಲ್ಲ, ಹೌದಾ?

ಟೂರ್ ಮೇಡಂ: ಹೌದು, ಒಳ್ಳೆ ಪ್ರಶ್ನೆ. ಫಿನ್ಲೆಂಡ್, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಈ ನಾಲ್ಕು ಸ್ವೀಡನ್, ಡೆನ್ಮಾರ್ಕ್, ಜರ್ಮನಿ, ಪೋಲೆಂಡ್‌ಗಿಂತ ಒಂದು ಗಂಟೆ ಮುಂದೆ. ಫೋನ್ ದಡದ ಟವರ್ ಹಿಡಿದು ತಾನೇ ಗಂಟೆ ಬದಲಿಸುತ್ತೆ. ಹಡಗು ಬದಲಿಸಬಹುದು, ಬದಲಿಸದೇ ಇರಬಹುದು. ವಾಪಸ್ ಹತ್ತೋಕೆ ಹಡಗಿನ ಟೈಮೇ ಟೈಮು. ಕೈಗೆ ಒಂದು ಸಾದಾ ವಾಚ್ ಕಟ್ಟಿ, ಅದನ್ನು ಹಡಗಿನ ಗಂಟೆಗೆ ಇಡಿ. ಹಿಂದಿನ ರಾತ್ರಿ ಕ್ಯಾಬಿನ್‌ಗೆ ಮಾರನೇ ದಿನದ ಹಾಳೆ ಬರುತ್ತೆ, ಕೆಲವು ಹಡಗಲ್ಲಿ ಆ್ಯಪ್‌ಗೆ. ಅದರ ಫೋಟೋ ತೆಗೆದುಕೊಳ್ಳಿ. ವಾಪಸ್ ಹತ್ತೋ ಗಂಟೆ, ಬಂದರಿನ ಏಜೆಂಟರ ನಂಬರ್ ಎರಡೂ ಅದರಲ್ಲೇ ಇರುತ್ತೆ. ಹಡಗು ತಪ್ಪಿದರೆ ಮೊದಲು ಫೋನ್ ಮಾಡೋದು ಆ ಏಜೆಂಟರಿಗೆ, ಬೆಂಗಳೂರಿನ ಭಾವಮೈದನಿಗೆ ಅಲ್ಲ.

ಸ್ಟಾಕ್‌ಹೋಮ್ ಕನ್ನಡತಿ: ನಾನು ಇಲ್ಲೇ ಇರೋದು, ಒಂದೆರಡು ಸೇರಿಸಲಾ? ಸ್ಟಾಕ್‌ಹೋಮ್ ಅಂತ ಬರೆದಿದ್ದರೂ ಕೆಲವು ದೊಡ್ಡ ಹಡಗು ನಿಲ್ಲೋದು ನೀನಾಸ್‌ಹಾಮ್‌ನಲ್ಲಿ. ಅಲ್ಲಿಂದ ಸಿಟಿಗೆ ಟ್ರೇನ್‌ನಲ್ಲಿ ಒಂದು ಗಂಟೆ. ಟಿಕೆಟ್‌ನಲ್ಲಿ ಬಂದರಿನ ಹೆಸರು ನೋಡಿಕೊಳ್ಳಿ. ಇನ್ನೊಂದು, ಜೂನ್ 19ರಿಂದ 25ರೊಳಗೆ ಬರುವ ಶುಕ್ರವಾರ ಇಲ್ಲಿ ಮಿಡ್‌ಸಮ್ಮರ್ ಹಬ್ಬ. ಅರ್ಧ ಊರು ಹಳ್ಳಿಗೆ ಹೋಗಿರುತ್ತೆ, ಎಷ್ಟೋ ಅಂಗಡಿ ಬಾಗಿಲು ಹಾಕಿರುತ್ತವೆ.

ಟೂರ್ ಮೇಡಂ: ಥ್ಯಾಂಕ್ಸ್ ಕಣಮ್ಮಾ, ಇದು ಬೇಕಿತ್ತು. ಫಿನ್ಲೆಂಡ್‌ನಲ್ಲೂ ಅದೇ ಶುಕ್ರವಾರ. ರಿಗಾ, ಟಾಲಿನ್‌ನಲ್ಲಿ ಜೂನ್ 23, 24 ರಜೆ. ಸ್ಟಾಕ್‌ಹೋಮ್‌ನಲ್ಲಿ ಒಂದೇ ಒಂದು ಜಾಗ ನೋಡೋದಾದರೆ ವಾಸಾ ಮ್ಯೂಸಿಯಂ. 1628ರಲ್ಲಿ ಮೊದಲ ಯಾನದಲ್ಲೇ, ಬಂದರು ದಾಟೋ ಮೊದಲೇ ಮುಳುಗಿದ ಯುದ್ಧದ ಹಡಗು. 1961ರಲ್ಲಿ ಎತ್ತಿದರು. ಮರದ ಕೆತ್ತನೆ ಇನ್ನೂ ಉಳಿದಿದೆ. ಕಾರ್ಡ್ ಇಟ್ಟುಕೊಳ್ಳಿ, ಸ್ವೀಡನ್‌ನಲ್ಲಿ ನೋಟು ಬೇಡ ಅನ್ನೋ ಅಂಗಡಿಗಳೇ ಜಾಸ್ತಿ.

ಕಾರ್ಕಳದವಳು: ಮೇಡಂ, ಕ್ಲೈಪೆಡಾ?

ರಿಟೈರ್ಡ್ ಮೇಷ್ಟ್ರು: ಸಮುದ್ರದಲ್ಲಿ ವಾಂತಿ ಬರುವವರಿಗೆ ಅನುಭವಿಗಳ ಉಪಾಯ: ಹೊಟ್ಟೆಗೆ ನ್ಯೂಸ್‌ಪೇಪರ್ ಸುತ್ತಿಕೊಂಡು ಮೇಲೆ ಬನಿಯನ್ ಹಾಕಿ. ನಿಂಬೆಹಣ್ಣು ಮೂಸುತ್ತಿರಿ. ಶುಗರ್ ಇರುವವರು ಊರು ಸುತ್ತುವ ದಿನ ಮಾತ್ರೆ ಬಿಡಬಹುದು, ನಡಿಗೆಯಲ್ಲೇ ಇಳಿಯುತ್ತದೆ. (ಬಂದಿದ್ದು.)

ಟೂರ್ ಮೇಡಂ: ಮೇಷ್ಟ್ರೇ, ನಿಂಬೆಹಣ್ಣು ಮೂಸಿ, ಪೇಪರ್ ಕಟ್ಟಿಕೊಳ್ಳಿ, ಅದು ನಿಮ್ಮ ಬನಿಯನ್. ಆ ಕೊನೆಯ ಸಾಲು ಅಳಿಸಿ. ಈಗಲೇ. ಇದೇ ಥ್ರೆಡ್‌ನಲ್ಲಿ ಶುಗರ್ ಇರೋ ಅತ್ತೆಯನ್ನು ಕರೆದುಕೊಂಡು ಹೊರಟಿರೋರು ಓದುತ್ತಿದ್ದಾರೆ. ಮಾತ್ರೆ ಹೆಚ್ಚು ಕಡಿಮೆ ಮಾಡೋದು ಅವರ ಡಾಕ್ಟರು, "ಬಂದಿದ್ದು" ಅಲ್ಲ. ಕಿವಿ ಹಿಂದೆ ಅಂಟಿಸೋ ವಾಂತಿ ಪಟ್ಟಿಯನ್ನೂ ವಯಸ್ಸಾದವರು ಕೇಳದೆ ಹಾಕಿಕೊಳ್ಳಬೇಡಿ. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಅದು ಆಗಲ್ಲ.

ರಿಟೈರ್ಡ್ ಮೇಷ್ಟ್ರು: ಒಳ್ಳೆಯದಕ್ಕೆ ಹಾಕಿದೆ. ಹಿರಿಯರ ಹತ್ತಿರ ಮಾತಾಡುವ ರೀತಿ ಇದಲ್ಲ.

ಅಡ್ಮಿನ್: ಆ ಮೆಸೇಜ್ ತೆಗೆದಿದ್ದೇನೆ.

ಕಾಫಿ ಪ್ರೇಮಿ: ರೈಸ್ ಕುಕ್ಕರ್ ತಗೊಂಡು ಹೋಗಬಹುದಾ? ನಾವು ಶುದ್ಧ ಸಸ್ಯಾಹಾರಿ.

ಟೂರ್ ಮೇಡಂ: ಇಲ್ಲ. ಕುಕ್ಕರ್, ಕೆಟಲ್, ಇಸ್ತ್ರಿ ಪೆಟ್ಟಿಗೆ ಯಾವುದೂ ಇಲ್ಲ. ಹತ್ತುವಾಗಲೇ ತೆಗೆದಿಡುತ್ತಾರೆ. ಬೆಂಕಿ ಭಯ.

ಕಾಫಿ ಪ್ರೇಮಿ: ಮತ್ತೆ ಊಟ? ಚಟ್ನಿಪುಡಿ, ಪೇಡ ಆದರೂ?

ಟೂರ್ ಮೇಡಂ: ಚಟ್ನಿಪುಡಿ ತನ್ನಿ. ಹಾಲಿನದು, ಮಾಂಸದ್ದು ಯೂರೋಪಿನೊಳಗೆ ತರಬಾರದು. ಪೇಡ ಮನೆಯಲ್ಲೇ ತಿಂದು ಬನ್ನಿ.

ಹುಬ್ಬಳ್ಳಿ ಹೈದ: ಪೇಡ ಬಿಟ್ಟು ಹೋಗು ಅಂದ್ರ ಹ್ಯಾಂಗ್ರಿ.

ಜಯನಗರ 4ನೇ ಬ್ಲಾಕ್: ಹಡಗಿನ ಬಫೆಯಿಂದ ಬ್ರೆಡ್ಡು, ಹಣ್ಣು ಚೀಲಕ್ಕೆ ಹಾಕಿಕೊಂಡು ಇಳಿದರೆ ಮಧ್ಯಾಹ್ನದ ಖರ್ಚು ಉಳಿಯುತ್ತೆ. ನಾವು ಹಾಗೇ ಮಾಡೋದು.

ಸ್ಟಾಕ್‌ಹೋಮ್ ಕನ್ನಡತಿ: ಹಡಗಿನವರೇ ಬೇಡ ಅಂತ ಬೋರ್ಡ್ ಹಾಕಿರುತ್ತಾರಲ್ಲ ಸರ್? ನಮ್ಮವರು ಇಲ್ಲಿಗೆ ಬಂದು ಹೀಗೆ ಮಾಡಿದರೆ ಮಾತು ಕೇಳೋರು ನಾವು.

ಜಯನಗರ 4ನೇ ಬ್ಲಾಕ್: ದುಡ್ಡು ಕೊಟ್ಟಿದ್ದೀವಿ ಮೇಡಂ. ನೀವು ಅಲ್ಲಿ ಕ್ರೋನಾದಲ್ಲಿ ಸಂಬಳ ತಗೋತೀರಿ, ನಾವು ರೂಪಾಯಿಯಲ್ಲಿ ಲೆಕ್ಕ ಹಾಕಬೇಕು.

ಸ್ಟಾಕ್‌ಹೋಮ್ ಕನ್ನಡತಿ: ಸಂಬಳದ ಮಾತು ಇಲ್ಲಿ ಯಾಕೆ ಬಂತು?

ಹುಬ್ಬಳ್ಳಿ ಹೈದ: ಮಂಡಿ ಬಗ್ಗೆ ನನಗ ಕೇಳಿದವ್ರು ಬಾಳೆಹಣ್ಣು ಕದೀತಾರ ನೋಡ್ರಿ.

ಅಡ್ಮಿನ್: ಸಾಕು. ಇಬ್ಬರದೂ ಕಾಮೆಂಟ್ ತೆಗೀತೀನಿ ಇನ್ನೊಂದು ಬಂದರೆ.

ಬೆಳಗಾವಿ ಬಳಗ: ಮೇಡಂ ವೀಸಾ

ಟೂರ್ ಮೇಡಂ: ಮೇಲೆ.

ಹಾಸನದ ಸೊಸೆ: ಅಕ್ಕಾ, ಯಜಮಾನರಿಗೆ ಓದಿಸಿದೆ. ಬರ್ಲಿನ್‌ಗೆ ಮಕ್ಕಳ ಜೊತೆ ಹಡಗಿನ ಟೂರ್‌ನಲ್ಲೇ ಹೋಗೋಕೆ ಒಪ್ಪಿದರು. ಮಾವ ಮಾತ್ರ "ಟಾಲಿನ್ ನಾನು ನೋಡೇ ನೋಡ್ತೀನಿ" ಅಂತಾರೆ. ನಡೆದು ಆಗುತ್ತಾ?

ಟೂರ್ ಮೇಡಂ: ಆಗುತ್ತೆ, ಹೀಗೆ ಮಾಡಿದರೆ. ಕೆಳಗಿನ ಪೇಟೆಯಿಂದ ಟೂಂಪಿಯಾ ಗುಡ್ಡಕ್ಕೆ ಹತ್ತಿಸಬೇಡಿ. ಉರುಟು ಕಲ್ಲಿನ ಏರುದಾರಿ, ಮಳೆ ಬಂದರೆ ಜಾರುತ್ತೆ. ಬಂದರಿನಿಂದ ಟ್ಯಾಕ್ಸಿ ಮಾಡಿ ನೇರ ಮೇಲಕ್ಕೆ, ಅಲೆಕ್ಸಾಂಡರ್ ನೆವ್‌ಸ್ಕಿ ಚರ್ಚಿನ ಹತ್ತಿರ ಇಳಿಯಿರಿ. ಅಲ್ಲಿಂದ ಕೊಹ್ತುಒಟ್ಸಾ ಕಟ್ಟೆಗೆ ಹೋದರೆ ಕೆಂಪು ಹೆಂಚಿನ ಮಾಡುಗಳು, ಅವುಗಳಾಚೆ ಸಮುದ್ರ, ನಿಮ್ಮ ಹಡಗು ಎಲ್ಲ ಕಾಣುತ್ತೆ. ಮಾವನವರು ಅಲ್ಲೇ ಎಷ್ಟು ಹೊತ್ತು ಬೇಕೋ ಇರಲಿ. ಕೆಳಗಿಳಿಯೋಕೂ ಟ್ಯಾಕ್ಸಿ. ಮಂಡಿಗೆ ಇಳಿಜಾರು ಏರಿಗಿಂತ ಕೆಟ್ಟದ್ದು. ಹೀಲ್ಸ್ ಬೇಡ, ಚಪ್ಪಲಿ ಬೇಡ, ಯಾರಿಗೂ. ಮತ್ತೆ ಹಡಗು ಹತ್ತುವಾಗ ಮಾವನವರಿಗೆ ವೀಲ್‌ಚೇರ್ ಸಹಾಯ ಬೇಕಿದ್ದರೆ ಈಗಲೇ ಕ್ರೂಸ್ ಕಂಪನಿಗೆ ಬರೆದು ತಿಳಿಸಿ. ಬಂದರಿಗೆ ಹೋಗಿ ಕೇಳಿದರೆ ಸಾಲಿನಲ್ಲಿ ನಿಲ್ಲಿಸುತ್ತಾರೆ.

ಕಾರ್ಕಳದವಳು: ನನ್ನ ಪ್ರಶ್ನೆ ಯಾರಿಗೂ ಕಾಣ್ತಾ ಇಲ್ವಾ?

ಅಡ್ಮಿನ್: ಮೇಡಂಗೆ ಫ್ಲೈಟ್ ಇದೆ, ಹೊರಟರು. ಕಾಮೆಂಟ್ ಮುಚ್ಚುತ್ತಿದ್ದೇನೆ. ಉಳಿದವರು ಭಾನುವಾರ ಹೊಸ ಪೋಸ್ಟ್‌ನಲ್ಲಿ ಕೇಳಿ. ವೀಸಾ ಬಿಟ್ಟು.